ಕತ್ತರಿ ಬಿದ್ದ ಕಂಬಳಿ

ಚಳ್ಳಕೆರೆ
೧೯-೧-೨೦೨೫, ಭಾನುವಾರ

ಮುನಿಸಿಕೊಂಡು ಬಳ್ಳಾರಿಯಲ್ಲಿ ಕೂತಿರುವ ನನ್ನ ಗೆಳತಿ ಮುದ್ದಕ್ಕನಿಗೆ,

ವನಜಾಕ್ಷಿಯ ನಮಸ್ಕಾರ. ನಾವು ಮೂವರೂ ಚೆನ್ನಾಗಿದ್ದೇವೆ. ನೀನು ಚೆನ್ನಾಗಿದ್ದೀಯೆಂದು ನಿನ್ನ ತಮ್ಮ ಹನುಮಂತರಾಜು ಹೇಳಿದ. ನೀನೇ ಹೇಳಬಹುದಿತ್ತು, ಆದರೆ ಸಂಕ್ರಾಂತಿ ಹಬ್ಬದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತೀಯ, ನೀಲಿ ಗೀಟು ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಅದಕ್ಕೇ ಕಾಗದ ಬರೆದು ಅವನು ಕಂಡಕ್ಟರಾಗಿರುವ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ. ಹರಿದು ಬಿಸಾಕುವುದಕ್ಕಾದರೂ ನೀನು ಒಮ್ಮೆ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಓದದೆ ಬಿಡುವ ಪೈಕಿ ಅಲ್ಲ ನೀನು.

ಕೊನೆಯಲ್ಲಿ ಏನಾಯಿತೆಂದು ಮೊದಲೇ ಹೇಳಿಬಿಟ್ಟರೆ ನಡುವಿನದನ್ನು ಓದುವುದಿಲ್ಲ ಅಂತ ಹೇಳುತ್ತಿಲ್ಲ. ಇಷ್ಟು ಮಾತ್ರ ತಿಳಿದುಕೋ. ಇವತ್ತು ಮಟನ್ ಸಾರು ಮಾಡಿ, ಹೊಟ್ಟೆತುಂಬ ಮುದ್ದೆ ಉಂಡು, ಅಂಗಡಿ ಬಾಗಿಲು ಎಳೆದುಕೊಂಡು ಬರೆಯಲು ಕೂತಿದ್ದೇನೆ. ಹೋದ ವಾರವೆಲ್ಲ ನನಗೆ ಒಂದು ತುತ್ತು ಸರಿಯಾಗಿ ಗಂಟಲಲ್ಲಿ ಇಳಿದಿರಲಿಲ್ಲ.

ನಿನ್ನ ಕೋಪ ನ್ಯಾಯವಾದದ್ದೇ. ನನ್ನ ಮಗಳು ಹರ್ಷಿತಾಗೆ ಈ ಸಂಬಂಧ ತಂದವಳು ನೀನು. ದುರುಗಕ್ಕ ನಿನ್ನ ಚಿಕ್ಕಪ್ಪನ ಮಗಳು, ಅವರ ಮಗ ಲೋಹಿತ ನಿನ್ನ ತೊಡೆಯ ಮೇಲೆ ಆಡಿದವನು. ಕುರಿ ಕಾಯ್ದು ಕಂಬಳಿ ನೇಯುವ ಮನೆ, ಮಾತು ಕಡಿಮೆ, ಮರ್ಯಾದೆ ಜಾಸ್ತಿ, ಹುಡುಗಿ ಸುಖವಾಗಿರುತ್ತಾಳೆ ಅಂತ ನನಗೆ ಹೇಳಿದವಳು ನೀನು. ಹುಡುಗಿ ಚಿನ್ನದಂಥವಳು ಅಂತ ಅವರಿಗೆ ಹೇಳಿದವಳೂ ನೀನೇ. ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತಾದ ಮೇಲೆ ಹುಡುಗಿ ಹೀಗೆ ಮಾಡಿಕೊಂಡರೆ ನಿನ್ನ ಮುಖಕ್ಕೆ ಮಸಿ ಅಲ್ಲದೆ ಇನ್ನೇನು? ಆದರೂ ಫೋನಿನಲ್ಲಿ ನೀನು ಅಂದದ್ದು ನನಗೆ ನಟ್ಟಿತು. 'ನಿನ್ನಂಥ ಬಾಯಿ ಸತ್ತೋಳ ಹೊಟ್ಟೇಲಿ ಇಂಥ ಬಾಯಿಬಡುಕಿ ಹೆಂಗೆ ಹುಟ್ಟಿದ್ಲೇ' ಅಂದೆಯಲ್ಲ, ಅದು. ಅಷ್ಟು ಅಂದು ನೀನು ಫೋನು ಕುಕ್ಕಿದೆ.

ಅವಳು ಆಡುವುದೆಲ್ಲ ನಿನಗೆ ಗೊತ್ತಿರುವುದೇ. ಸಂಜೆ ಗಿರಾಕಿಗಳು ಕರಗಿದ ಮೇಲೆ ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾಳೆ, ಎದುರಿಗೆ ದಾರದ ಡಬ್ಬಿಗೆ ಫೋನು ಒರಗಿಸಿ ವಿಡಿಯೋ ಹಚ್ಚುತ್ತಾಳೆ, ಯಾವ ಸಿನಿಮಾದವರು ಏನು ಉಟ್ಟರು, ಯಾವ ಡಿಸೈನರು ಏನು ಹೊಲಿದ ಅಂತ ಶುರು ಮಾಡುತ್ತಾಳೆ. ಚಳ್ಳಕೆರೆ ಮಾತಿನಲ್ಲೇ ಆಡುವುದರಿಂದ ಜನಕ್ಕೆ ಇಷ್ಟ. ಭುಜದ ಹತ್ತಿರ ಕಿಂಡಿ ಕೊರೆದ ತೋಳಿನ ಫ್ಯಾಷನ್ ಬಂದಾಗ, ಅದು ಸೊಳ್ಳೆಗೆ ಮಾಡಿಕೊಟ್ಟ ಬಾಗಿಲು ಅಂದಳು. ಬೆನ್ನೇ ಇಲ್ಲದ ರವಿಕೆಗೆ ಮೇಲೊಂದು ದಾರ, ದಾರದ ತುದಿಗೆ ಅರ್ಧ ಕೆ.ಜಿ. ಕುಚ್ಚು ಇಡುತ್ತಾರಲ್ಲ, ಬಟ್ಟೆ ಉಳಿಸಿ ಕುಚ್ಚಿಗೆ ಹಾಕಿದ ಲೆಕ್ಕ ಅದು ಅಂದಳು. ನಿಮ್ಮ ಬಳ್ಳಾರಿಯ ಜೀನ್ಸನ್ನೂ ಬಿಡಲಿಲ್ಲ. ನೀನು ದಿನವೆಲ್ಲ ಕೂತು ಹೊಸ ಪ್ಯಾಂಟಿನ ಮಂಡಿಗೆ ಉಜ್ಜಿ ಉಜ್ಜಿ ತೂತು ಮಾಡುತ್ತೀಯ, ಇಲ್ಲಿ ನಮ್ಮ ಯಜಮಾನರು ದಾಸಣ್ಣ ಎಣ್ಣೆ ಮಿಲ್ಲಿಗೆ ಹೋಗುವ ಪ್ಯಾಂಟಿನ ತೂತಿಗೆ ನಾನು ತೇಪೆ ಹಾಕುತ್ತೇನೆ. ಇಬ್ಬರಿಗೂ ಕೂಲಿ ಹುಟ್ಟುವುದು ಅದೇ ತೂತಿನಿಂದ ಅಂದಳು. ಅದನ್ನು ಕೇಳಿ ನೀನೇ ನಕ್ಕಿದ್ದೆ. ನಿಮ್ಮ ಜೀನ್ಸ್ ಘಟಕದವರಿಗೆಲ್ಲ ತೋರಿಸಿದ್ದೆ.

ಎಲ್ಲವನ್ನೂ ಬೈಯುವುದೇ ಕೆಲಸ ಅಂದುಕೊಳ್ಳಬೇಡ. ಮೊದಲೇ ನೆರಿಗೆ ಹೊಲಿದಿಟ್ಟ ರೆಡಿಮೇಡ್ ಸೀರೆ ಬಂದಾಗ ಊರಿನವರೆಲ್ಲ ನಕ್ಕರು, ಇವಳು ಮಾತ್ರ ಹಾಲು ಕುಡಿಯುವ ಕೂಸಿರುವ ತಾಯಂದಿರಿಗೆ ಅದು ವರ ಅಂದಳು. ಹೆಣ್ಣುಮಕ್ಕಳ ಕುರ್ತಾಕ್ಕೆ ಜೇಬು ಇಟ್ಟ ಡಿಸೈನರು ಯಾರೇ ಇರಲಿ ಅವರ ಹೊಟ್ಟೆ ತಣ್ಣಗಿರಲಿ ಅಂದಳು. ಮೊಳಕಾಲ್ಮೂರು ರೇಷ್ಮೆ ಸೀರೆಯ ಅಂಚನ್ನು ಫೋಟೋ ತೆಗೆದು ಪಾಲಿಸ್ಟರಿನ ಮೇಲೆ ಅಚ್ಚು ಹಾಕಿ ಮಾರಿದ ನಟನೊಬ್ಬನನ್ನು ಮಾತ್ರ ಸರಿಯಾಗಿ ತರಾಟೆಗೆ ತೆಗೆದುಕೊಂಡಳು. ಅದು ಬೇಕಾಗಿತ್ತು ಬಿಡು. ಆ ಸೀರೆ ಉಟ್ಟು ಒಲೆ ಮುಂದೆ ನಿಂತಾಗ ಕಿಡಿ ತಗುಲಿದರೆ ಹೇಗೆ ಕರಗಿ ಮೈಗೆ ಅಂಟುತ್ತದೆ ಅಂತ ಹೊಲಿಯುವವರಿಗೆ ಗೊತ್ತು.

ಕಂಬಳಿ ಕೋಟಿನದು ಹೀಗಾಯಿತು. ಸಿನಿಮಾ ನಟಿಯೊಬ್ಬಳು ತನ್ನದೇ ಬಟ್ಟೆ ಕಂಪನಿ ಮಾಡಿಕೊಂಡು ಚಳಿಗಾಲಕ್ಕೆ 'ಹಟ್ಟಿ' ಅಂತ ಹೆಸರಿಟ್ಟು ಕೋಟು ಬಿಟ್ಟಳಲ್ಲ. ನಮ್ಮ ಕಡೆಯ ಕರಿ ಕಂಬಳಿ ಕೊಂಡು, ಅದನ್ನು ಕತ್ತರಿಸಿ, ಮೊಣಕಾಲಿನ ತನಕ ಬರುವಂತೆ ಹೊಲಿಸಿದ್ದಾರೆ. ಜಾಹೀರಾತಿನಲ್ಲಿ ಜಟಿಂಗ ರಾಮೇಶ್ವರ ಗುಡ್ಡದ ಕಡೆ ಮುಖ ಮಾಡಿ ಒಬ್ಬಳು ಹೆಂಗಸು ಆ ಕೋಟು ತೊಟ್ಟು ನಿಂತಿದ್ದಾಳೆ. ಮುಖ ಕಾಣುವುದಿಲ್ಲ, ಬೆನ್ನು ಮಾತ್ರ. ಹರ್ಷಿತಾ ಆ ಫೋಟೋ ತೋರಿಸಿ ಹೇಳಿದ್ದು ನಿನಗೆ ಬಾಯಿಪಾಠ ಆಗಿರಬೇಕು. 'ಈ ಉಣ್ಣೆ ಕುರಿ ಮೈಮೇಲಿದ್ದಾಗ್ಲೇ ಚೆನ್ನಾಗಿ ಕಾಣ್ತಿತ್ತು. ಬೆನ್ನಾಗೆ ಹೊಲಿಗೆ ಎಳೀತೈತೆ ನೋಡ್ರಿ, ಪಾಪ, ಈಯಮ್ಮ ಕೈಯೆತ್ತಿ ಕುರಿ ಕೂಗಾಕೂ ಆಗಲ್ಲ.' ಲಕ್ಷಗಟ್ಟಲೆ ಜನ ನೋಡಿದರಂತೆ. ಬರೀ ಕುರಿಯ ಮಾತನ್ನು ಕತ್ತರಿಸಿಕೊಂಡು ಊರೂರಿಗೆ ಕಳಿಸಿದರು.

ಆ ಕಂಬಳಿ ನೇಯ್ದವರು ಲೋಹಿತನ ಅಪ್ಪ ಕೆಂಚಣ್ಣನವರು ಅಂತ ನಮಗೇನು ಗೊತ್ತು? ದೊಡ್ಡ ಆರ್ಡರು ಬಂದಿದೆ ಅಂತ ಲೋಹಿತ ಹೇಳಿದ್ದ, ಯಾರಿಗೆ ಅಂತ ಹೇಳಿರಲಿಲ್ಲ. ಇನ್ನು ಆ ಬೆನ್ನು ದುರುಗಕ್ಕನದು ಅಂತ ನಿನ್ನ ಬಾಯಿಂದ ಕೇಳಿದಾಗ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಆಗಬೇಕಾದ ಅತ್ತೆಯ ಬೆನ್ನನ್ನು ಊರಿಗೆಲ್ಲ ತೋರಿಸಿ ಆಡಿಕೊಂಡ ಸೊಸೆ ಈ ಸೀಮೆಯಲ್ಲಿ ಇನ್ನೊಬ್ಬಳಿರಲಾರಳು.

ನಾನು ಎಷ್ಟು ಹೆದರಿದೆ ಅಂತ ನಿನ್ನ ಹತ್ತಿರ ಮುಚ್ಚಿಡುವುದೇನು? ಹಿರಿಯೂರಿನಿಂದ ಬಂದಿದ್ದ ಆ ಮೊದಲನೆಯ ಸಂಬಂಧ ಅವಳ ಇಂಥದ್ದೇ ಒಂದು ವಿಡಿಯೋ ನೋಡಿ ಹಿಂದೆ ಸರಿದದ್ದು ನಿನಗೆ ನೆನಪಿದೆ. ಹುಡುಗಿ ಬಹಳ ಮಾತಾಡುತ್ತಾಳೆ ಅಂದರು. ಇವಳು ಆಗ ಏನೂ ಆಗಲಿಲ್ಲವೆಂಬಂತೆ ಓಡಾಡಿದಳು, ಆಮೇಲೆ ಬಚ್ಚಲಮನೆಯಲ್ಲಿ ನೀರು ಬಿಟ್ಟುಕೊಂಡು ಅತ್ತಳು. ಲೋಹಿತನನ್ನು ಕಂಡ ಮೇಲೆ ಅವಳ ಮುಖ ಬೇರೆಯಾಗಿತ್ತು. ಅವನ ಫೋನು ಬಂದರೆ ಮೇಲಿನ ಮಹಡಿಗೆ ಹೋಗುವುದೇನು, ನನ್ನ ಕೈಯಲ್ಲಿ ತನಗೊಂದು ರವಿಕೆ ಹೊಲಿಸಿಕೊಳ್ಳುವುದೇನು. ಅವಳು ಆಯ್ಕೆ ಮಾಡಿದ ಬಣ್ಣ ಬೂದಿ ನೀಲಿ. ಫ್ಯಾಷನ್ನಿನವರು ಅದಕ್ಕೆ ಯಾವುದೋ ಹೂವಿನ ಹೆಸರಿಟ್ಟಿದ್ದಾರೆ, ನನಗೆ ಬಾಯಿಗೆ ಬರುವುದಿಲ್ಲ. ವೀಳ್ಯ ಮುರಿದುಬಿದ್ದರೆ ಆ ರವಿಕೆಯನ್ನು ನಾನು ಯಾವ ಮುಖ ಇಟ್ಟುಕೊಂಡು ಮಡಿಸಿಡಲಿ ಅಂತ ಅದೊಂದೇ ಯೋಚನೆ.

ವಿಡಿಯೋ ಅಳಿಸು ಅಂದೆ. ಅಳಿಸಿದಳು. ಅಷ್ಟರಲ್ಲಿ ಅದು ಅಳಿಸಿದರೂ ಹೋಗದ ಜಾಗಕ್ಕೆ ಹೋಗಿತ್ತು. ಅವರ ಮನೆಗೆ ಹೋಗಿ ಕಾಲು ಹಿಡಿದು ಬರೋಣ ಅಂದೆ, ಬರುತ್ತೇನೆ ಅಂದಳು. ಕೋಟು ಚೆನ್ನಾಗಿದೆ, ಸುಮ್ಮನೆ ತಮಾಷೆಗೆ ಅಂದೆ ಅಂತ ಹೇಳಿಬಿಡು ಅಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ನೋವಾಗಿದ್ದರೆ ತಪ್ಪಾಯಿತು ಅನ್ನುತ್ತೇನೆ, ಕೋಟು ಚೆನ್ನಾಗಿದೆ ಅಂತ ಮಾತ್ರ ಹೇಳಲಾರೆ ಅಂದಳು. ದಾಸಣ್ಣ ಎಂದಿನಂತೆ ಇಬ್ಬರ ಮುಖ ನೋಡಿಕೊಂಡು ಬೀಡಿ ಹುಡುಕಿದರು. ಸರಿ, ಆ ಕೆಲಸ ನನಗಿರಲಿ ಅಂದುಕೊಂಡು ನಾನೇ ಒಂದು ಕಥೆ ಕಟ್ಟಿದೆ. ಯಾರೋ ಕಂಪನಿಯವರ ವೈರಿಗಳು ಬರೆದುಕೊಟ್ಟದ್ದನ್ನು ಹುಡುಗಿ ತಿಳಿಯದೆ ಓದಿಬಿಟ್ಟಳು ಅಂತ ಕಥೆ. ಕನ್ನಡಿ ಮುಂದೆ ನಿಂತು ಹೇಳಿಯೂ ನೋಡಿದೆ. ಚೆನ್ನಾಗಿಯೇ ಬಂತು.

ಕ್ಷಮೆ ಕೇಳುವುದಕ್ಕೆ ಯಾವ ಬಟ್ಟೆ ಅನ್ನುವುದನ್ನು ಯಾವ ಡಿಸೈನರೂ ಇದುವರೆಗೆ ಹೇಳಿಕೊಟ್ಟಿಲ್ಲ. ನಾನೇ ತೀರ್ಮಾನ ಮಾಡಿದೆ. ಅವಳಿಗೆ ನನ್ನ ಕಂದು ಬಣ್ಣದ ನೂಲಿನ ಸೀರೆ, ಮೊಣಕೈ ತನಕ ತೋಳಿರುವ ರವಿಕೆ, ಉಗುರಿನ ಬಣ್ಣ ಅಳಿಸಿ, ಜಡೆಗೆ ಎಣ್ಣೆ. ಕನ್ನಡಿ ನೋಡಿಕೊಂಡು, ನಾನು ತಪ್ಪು ಮಾಡಿದವಳ ಹಾಗಲ್ಲ, ಸರ್ಕಾರಿ ಜಾಹೀರಾತಿನ ಹಾಗೆ ಕಾಣುತ್ತಿದ್ದೇನೆ ಅಂದಳು. ನನಗೆ ನಗು ಬಂತು, ನಗಲಿಲ್ಲ.

ನಿನ್ನೆ ಶನಿವಾರ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು. ಕೊಂಡ್ಲಹಳ್ಳಿಯಲ್ಲಿ ಇಳಿದರೆ ಲೋಹಿತ ಆಟೋ ಗೊತ್ತುಮಾಡಿಕೊಂಡು ನಿಂತಿದ್ದ. ಹುಡುಗ ನನಗೆ ನಮಸ್ಕಾರ ಮಾಡಿದ, ಇವಳ ಕಡೆ ನೋಡಲಿಲ್ಲ, ಇವಳೂ ಅವನ ಕಡೆ ನೋಡಲಿಲ್ಲ. ಅಪ್ಪ ತುಂಬ ಬೇಜಾರು ಮಾಡಿಕೊಂಡಿದ್ದಾರೆ ಅಂತ ಮಾತ್ರ ಹೇಳಿ ಮುಂದಿನ ಸೀಟಿಗೆ ಹೋಗಿ ಕೂತ.

ಅವರ ಮನೆ ನಿನಗೆ ಗೊತ್ತಲ್ಲ, ಪಡಸಾಲೆಯ ಒಂದು ಮಗ್ಗುಲಿಗೆ ಕೆಂಚಣ್ಣನವರ ಮಗ್ಗದ ಕುಳಿ, ಇನ್ನೊಂದು ಮಗ್ಗುಲಿಗೆ ಬಂದವರಿಗೆ ಜಾಗ. ಗೋಡೆಗೆ ಸಾಲಾಗಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅದರ ಎದುರಿಗೆ ನೆಲದ ಮೇಲೆ ಒಂದು ಕರಿ ಕಂಬಳಿ ಹಾಸಿತ್ತು. ಆಗ ನನಗೆ ಒಂದು ಬುದ್ಧಿ ಓಡಿತು. ಇವರಿಗೆ ನಾವು ಫ್ಯಾಷನ್ನಿನ ಪೇಟೆಯವರು ಅನ್ನಿಸಿದೆ, ಕುರ್ಚಿಯ ಮೇಲೆ ಕೂತರೆ ಅದೇ ಗಟ್ಟಿಯಾಗುತ್ತದೆ, ನಾನೂ ಕುರಿ ಮಂದೆಯ ಮನೆಯಲ್ಲಿ ಹುಟ್ಟಿದವಳು ಅಂತ ತೋರಿಸಬೇಕು ಅಂದುಕೊಂಡೆ. ಚಪ್ಪಲಿ ಬಿಟ್ಟು, ಕುರ್ಚಿ ಕಡೆ ತಿರುಗಿಯೂ ನೋಡದೆ, ನೆಟ್ಟಗೆ ಹೋಗಿ ಕಂಬಳಿಯ ಮೇಲೆ ಕೂತುಬಿಟ್ಟೆ. ಸೆರಗು ಹಿಡಿದು ಎಳೆದು ಹರ್ಷಿತಾಳನ್ನೂ ಕೂರಿಸಿಕೊಂಡೆ. ದಾಸಣ್ಣ ಪುಣ್ಯಾತ್ಮರು, ಕುರ್ಚಿ ನೋಡಿ ಕೂತರು.

ನೀರಿನ ಚೊಂಬು ತರುತ್ತಿದ್ದ ದುರುಗಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಮಗ್ಗದ ಹತ್ತಿರ ಇದ್ದ ಕೆಂಚಣ್ಣನವರು ಎದ್ದು ನಿಂತರು. ನಾನು ಆಗ ಕಣ್ಣು ಹೊರಳಿಸಿ ನೋಡಿದರೆ ಕಂಬಳಿಯ ಮೂಲೆಯಲ್ಲಿ ದೇವರ ಅರಿಶಿನದ ಭಂಡಾರ, ವೀಳ್ಯದೆಲೆ, ಅಡಿಕೆ.

ನೀನು ಅದೇ ಜನದವಳು, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಬರೆದರೆ ನನಗೇ ಸಮಾಧಾನ. ಸಂಜೆಗೆ ಊರಿನ ಹಿರಿಯರು ಬಂದು ಈ ಸಂಬಂಧ ಇಟ್ಟುಕೊಳ್ಳುವುದೋ ಬಿಡುವುದೋ ಅಂತ ತೀರ್ಮಾನ ಮಾಡಲು ಹಾಸಿದ್ದ ಗದ್ದಿಗೆ ಕಂಬಳಿ ಅದು. ಭಂಡಾರ ಇಟ್ಟ ಕಂಬಳಿಯ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ. ಹೇಳಿದರೆ ಮಂದೆಗೆ ಕೇಡು ಅಂತ ನಮ್ಮಪ್ಪ ಹೇಳುತ್ತಿದ್ದದ್ದು ಕಿವಿಯಲ್ಲಿ ಇನ್ನೂ ಇದೆ. ಚಳ್ಳಕೆರೆ ಪೇಟೆಯಲ್ಲಿ ಕೂತು ಕೂತು ಸುಮ್ಮನೆ ಹಾಸಿದ ಕಂಬಳಿ ಯಾವುದು, ಗದ್ದಿಗೆ ಕಂಬಳಿ ಯಾವುದು ಅನ್ನುವುದೂ ನನಗೆ ಮರೆತು ಹೋಗಿತ್ತು. ಕುರಿಯವರ ಮಗಳು ಅಂತ ಮೆರೆಯಲು ಹೋಗಿ ನಾನೇ ಹೋಗಿ ಬೋನಿನಲ್ಲಿ ಕೂತೆ. ಎದ್ದು ಬಿಡೋಣವೆಂದರೆ ಹಾಗೆ ನಡುವೆ ಏಳುವಂತೆಯೂ ಇಲ್ಲ. ಕನ್ನಡಿ ಮುಂದೆ ಅಷ್ಟು ಚೆನ್ನಾಗಿ ಬಂದಿದ್ದ ಕಥೆ ಇನ್ನು ಕೆಲಸಕ್ಕೆ ಬರುವಂತಿರಲಿಲ್ಲ.

ಕೆಂಚಣ್ಣನವರು ರೇಗಲಿಲ್ಲ. ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎದುರಿಗೆ ಬಂದು ಕಂಬಳಿಯ ಇನ್ನೊಂದು ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದರು.

'ನೀವಾಗೇ ಕುಂತಿದ್ದೀರಮ್ಮ. ಕೇಳ್ತೀನಿ. ನಾ ನೇಯ್ದಿದ್ದು ಅಷ್ಟು ಕೆಟ್ಟದಾಗೈತಾ?'

ಆ ಕೋಟು ಮನೆಯಲ್ಲಿದ್ದರೆ ತರಿಸಿ, ಕೈಯಲ್ಲಿ ಮುಟ್ಟಿ ಹೇಳುತ್ತೇನೆ ಅಂದೆ. ಸ್ವಲ್ಪ ಹೊತ್ತು ಸಿಗಲಿ ಅಂತ ಅಂದದ್ದು. ಲೋಹಿತ ಟ್ರಂಕಿನಿಂದ ತಂದ. ಕಂಪನಿಯವರು ಪ್ರೀತಿಗೆ ಕೊಟ್ಟದ್ದಂತೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇಟ್ಟಿದ್ದರು. ನನ್ನ ಕೈಗೆ ಬಟ್ಟೆ ಬಂದರೆ ಏನು ಮಾಡುತ್ತೇನೆ ನಿನಗೆ ಗೊತ್ತು. ಯೋಚನೆಯನ್ನೂ ಮಾಡದೆ ಒಳಗಿನದು ಹೊರಗೆ ತಿರುಗಿಸಿದೆ. ಒಂದೊಂದೇ ಹೊಲಿಗೆಯನ್ನು ಬೆರಳಲ್ಲಿ ಹಿಡಿದು ನೋಡಿದೆ.

ನೇಯ್ಗೆ ಎಂಥ ನೇಯ್ಗೆ ಮುದ್ದಕ್ಕ! ಬೆಳಕಿಗೆ ಹಿಡಿದರೆ ಒಂದು ಕಡೆಯೂ ತೆಳುವಿಲ್ಲ. ಆದರೆ ಹುಣಸೆಬೀಜದ ಗಂಜಿ ಕುಡಿಸಿ ಬಿಗಿಮಾಡಿದ ಕಂಬಳಿಯನ್ನು ಮೆತ್ತಗಾಗಲಿ ಅಂತ ಸೋಪಿನ ನೀರಿನಲ್ಲಿ ತೊಳೆದು ಗಂಜಿಯನ್ನೆಲ್ಲ ತೆಗೆದಿದ್ದಾರೆ. ಇನ್ನು ಅದು ಮಳೆಯನ್ನೂ ತಡೆಯುವುದಿಲ್ಲ. ಕೈನೂಲಿನ ಅಂಚಿಗೆ ಕತ್ತರಿ ಹಾಕಿ ಮಿಷನ್ನಿನ ಓವರ್‌ಲಾಕ್ ಹೊಡೆದಿದ್ದಾರೆ, ಎಳೆ ಆಗಲೇ ಬಿಟ್ಟುಕೊಂಡು ಬರುತ್ತಿದೆ. ಲೈನಿಂಗ್ ಇಲ್ಲ, ಕುತ್ತಿಗೆಯ ಹೊಲಿಗೆ ಬರೀ ಚರ್ಮಕ್ಕೆ ಉಜ್ಜುತ್ತದೆ. ಕಂಕುಳ ಕಟಿಂಗು ತೆಳು ಹತ್ತಿ ಬಟ್ಟೆಗೆ ಇಡುವಷ್ಟು ಇಟ್ಟಿದ್ದಾರೆ, ಇಷ್ಟು ದಪ್ಪದ್ದಕ್ಕೆ ಅದು ಹೇಗೆ ಸಾಲುತ್ತದೆ? ಡಿಸೈನರು ಇದನ್ನು ಕಾಗದದ ಮೇಲೆ ಬರೆದಿದ್ದಾನೆಯೇ ಹೊರತು ಒಬ್ಬರಿಗೂ ತೊಡಿಸಿ ಕೈ ಎತ್ತಿಸಿ ನೋಡಿಲ್ಲ. ಇದೆಲ್ಲ ನನ್ನ ಬಾಯಿಂದ ಒಂದಾದ ಮೇಲೊಂದು ಬಂದೇಬಿಟ್ಟಿತು. ಹರ್ಷಿತಾ ನನ್ನ ಮೊಣಕೈ ತಿವಿದಳು, ದಾಸಣ್ಣ ಕುರ್ಚಿಯಿಂದ ಕೆಮ್ಮಿದರು, ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅದೂ ಒಂದು ಸುಳ್ಳೇ ಆಗುತ್ತಿತ್ತು ಅನ್ನಿಸಿತು.

ಕಡೆಗೆ ಕೋಟನ್ನು ಮಡಿಸಿ ಅವರ ಮುಂದೆ ಇಟ್ಟೆ.

'ಕೆಂಚಣ್ಣಾರೇ, ನೇಯ್ಗೆ ನಿಮ್ದು. ಅದಕ್ಕೆ ಕೈ ಮುಗೀತೀನಿ. ಕೋಟು ಅವ್ರದ್ದು. ಅದು ಚೆನ್ನಾಗಿಲ್ಲ.'

ಅಷ್ಟು ಅಂದ ಮೇಲೆ, ಮುಗಿಯಿತು, ಮಗಳ ಬಾಳನ್ನು ನಾನೇ ನನ್ನ ಕೈಯಾರೆ ಕತ್ತರಿಸಿದೆ ಅಂದುಕೊಂಡೆ. ಆಗ ದುರುಗಕ್ಕ ಚೊಂಬನ್ನು ಹೊಸಿಲ ಮೇಲೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ತಾವೂ ಕಂಬಳಿಯ ಅಂಚಿನಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ, ಗಂಡನ ಕಡೆ ತಿರುಗಿದರು. ಅವತ್ತು ಗುಡ್ಡದ ಹತ್ತಿರ ಫೋಟೋದವರು ಬಿಸಿಲಿನಲ್ಲಿ ನಿಲ್ಲಿಸಿಕೊಂಡಾಗ ಕುತ್ತಿಗೆಯೆಲ್ಲ ಚುಚ್ಚಿ ಗಂಧೆ ಎದ್ದಿದ್ದು, ಎರಡು ದಿನ ಹರಳೆಣ್ಣೆ ಹಚ್ಚಿಕೊಂಡದ್ದು, ಕೈ ಎತ್ತಿ ಅಂದಾಗ ಎತ್ತಲು ಬಾರದೆ ಅವರೇ ಬೆನ್ನು ತಿರುಗಿಸಿ ನಿಲ್ಲಿಸಿದ್ದು, ಎಲ್ಲವನ್ನೂ ಹೇಳಿದರು. ಆ ಹುಡುಗಿ ಫೋನಿನಲ್ಲಿ ಆಡಿದ್ದನ್ನು ಕೇಳಿ ತಮಗೆ ಸಿಟ್ಟು ಬಂದಿರಲಿಲ್ಲ, ಇವಳು ಗುಡ್ಡದಲ್ಲಿ ನಮ್ಮ ಜೊತೆಗೇ ಇದ್ದಳೇನೋ ಅನ್ನಿಸಿತ್ತು ಅಂದರು.

ಕೆಂಚಣ್ಣನವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

'ನಂಗ್ಯಾಕೆ ಹೇಳ್ಲಿಲ್ಲ?'

'ನೀವು ಕಂಬ್ಳಿ ಹಾಸಿ ಕೇಳ್ಲಿಲ್ಲ.'

ಲೋಹಿತ ಮೊದಲು ನಕ್ಕ. ನಗು ಬಂದದ್ದಕ್ಕೆ ಹೆದರಿ ಬಾಯಿಗೆ ಕೈ ಇಟ್ಟುಕೊಂಡ. ಆಮೇಲೆ ಕೆಂಚಣ್ಣನವರ ಮೀಸೆ ಅಲ್ಲಾಡಿತು. ಅವರೂ ಕಂಬಳಿಯ ಮೇಲೆಯೇ ಕೂತಿದ್ದರಲ್ಲ, ಅವರ ಬಾಯಿಂದಲೂ ನಿಜ ಹೊರಟಿತು. ಕಂಬಳಿ ಕೊಡುವಾಗ ಅದನ್ನು ಕತ್ತರಿಸುತ್ತಾರೆಂದು ಯಾರೂ ಅವರಿಗೆ ಹೇಳಿರಲಿಲ್ಲವಂತೆ. ಹಾಸುತ್ತಾರೆ, ಹೊದೆಯುತ್ತಾರೆ ಅಂದುಕೊಂಡಿದ್ದರಂತೆ. ಕೋಟು ಕಂಡ ದಿನ ಊಟ ಬಿಟ್ಟು ಮಗ್ಗದ ಮುಂದೆ ಸುಮ್ಮನೆ ಕೂತಿದ್ದರಂತೆ. ಆದರೆ ಊರವರೆಲ್ಲ ಸಿನಿಮಾದವರ ಅಂಗಡಿಗೆ ಹೋಯಿತು ನಿಮ್ಮ ಕಂಬಳಿ ಅಂತ ಹೊಗಳುವಾಗ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮನೆಯಲ್ಲಿ ಹೆಂಡತಿ ಖುಷಿಯಾಗಿದ್ದಾಳೆ ಅಂತ ಇವರು ಸುಮ್ಮನೆ, ಗಂಡ ಖುಷಿಯಾಗಿದ್ದಾರೆ ಅಂತ ಅವರು ಸುಮ್ಮನೆ, ಆರ್ಡರು ತಂದವನು ನಾನು ಅಂತ ಲೋಹಿತ ಸುಮ್ಮನೆ. ನಡುವೆ ಆ ಕೋಟು ಒಂದು ಟ್ರಂಕಿನಲ್ಲಿ. ಇದನ್ನೆಲ್ಲ ಕೇಳುತ್ತಾ ನನ್ನ ಎದೆಯ ಮೇಲಿನ ಕಲ್ಲು ಒಂದೊಂದಾಗಿ ಇಳಿಯಿತು.

ಆದರೂ ಒಂದು ಉಳಿದಿತ್ತು. ಕೆಂಚಣ್ಣನವರು ಹರ್ಷಿತಾಳ ಕಡೆ ತಿರುಗಿ ನೆಟ್ಟಗೇ ಕೇಳಿದರು, ಮದುವೆಯಾಗಿ ಈ ಮನೆಗೆ ಬಂದ ಮೇಲೂ ಈ ಬಾಯಿ ಹೀಗೇ ಇರುತ್ತದೆಯೋ, ಮುಚ್ಚುತ್ತದೆಯೋ ಅಂತ. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಮುಚ್ಚುತ್ತದೆ ಅನ್ನು ಮಗಳೇ ಅಂತ. ಬೇಡಿಕೊಂಡ ಮರುಗಳಿಗೆಯೇ ಎಲ್ಲಿ ಹಾಗೆ ಅಂದುಬಿಡುತ್ತಾಳೋ ಅಂತ ಭಯವಾಯಿತು. ನನ್ನ ಮಗಳು ಬಾಯಿ ಮುಚ್ಚಿಕೊಂಡು ಬಾಳುವುದು ನನಗೆ ಬೇಕಾಗಿಲ್ಲ ಅಂತ ನನಗೆ ತಿಳಿದದ್ದು ಆ ಹೊತ್ತಿಗೆ. ಅವಳು ತಲೆ ತಗ್ಗಿಸಲಿಲ್ಲ. ನೋವಾಗುವಂಗೆ ಆಡಿದ್ದು ತಪ್ಪು, ಅದನ್ನು ಇನ್ನು ಆಡುವುದಿಲ್ಲ, ಆದರೆ ಬಾಯಿ ಹೀಗೇ ಇರುತ್ತದೆ ಮಾವ ಅಂದಳು. ಇನ್ನೂ ವೀಳ್ಯವೇ ಆಗಿಲ್ಲ, ಆಗಲೇ ಮಾವ ಅಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಕೆಂಚಣ್ಣನವರು ಮೂಲೆಯ ಭಂಡಾರದಿಂದ ಒಂದು ಚಿಟಿಕೆ ತೆಗೆದು ಅವಳ ಹಣೆಗೆ ಇಟ್ಟರು.

'ಇರ್ಲಿ ಬಿಡವ್ವ. ಈ ಮನ್ಯಾಗೆ ಕಂಬ್ಳಿ ಹಾಸ್ದೇನೇ ನಿಜ ಹೇಳೋರು ಒಬ್ರು ಬೇಕಾಗಿತ್ತು.'

ನಾನು ಅತ್ತುಬಿಟ್ಟೆ ಮುದ್ದಕ್ಕ. ಅವರ ಮನೆಯಲ್ಲಿ, ಗದ್ದಿಗೆ ಕಂಬಳಿಯ ಮೇಲೆ, ಆ ದರಿದ್ರ ಕೋಟಿನಿಂದಲೇ ಕಣ್ಣು ಒರೆಸಿಕೊಂಡೆ. ಅದು ಕಣ್ಣಿಗೂ ಚುಚ್ಚಿತು. ದುರುಗಕ್ಕ ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಇನ್ನು ಇದನ್ನು ನೀವೇ ಬಿಚ್ಚಿ ಏನಾದರೂ ಮಾಡಿ, ಸೀಟಿನ ಗಾದಿಯಾದರೂ ಆಗಲಿ, ಟ್ರಂಕಿನಲ್ಲಿ ಮಾತ್ರ ಬೇಡ ಅಂದರು. ಸಂಜೆ ಹಿರಿಯರು ಬಂದಾಗ ಅವರಿಗೆ ತೀರ್ಮಾನ ಮಾಡಲು ಏನೂ ಉಳಿದಿರಲಿಲ್ಲ. ಹುರುಳಿ ಸಾರು, ಮುದ್ದೆ ಉಂಡು, ಎಲೆ ಹಾಕಿಕೊಂಡು ಹೋದರು.

ವೀಳ್ಯ ಬರುವ ಶುಕ್ರವಾರವೇ. ದಿನ ಬದಲಾಗಿಲ್ಲ. ಹುಡುಗಿಗೆ ಮೊಳಕಾಲ್ಮೂರು ರೇಷ್ಮೆ, ಎಲೆಹಸಿರು ಒಡಲು, ಕೆಂಪು ಅಂಚು, ದುರುಗಕ್ಕನೇ ಆರಿಸಿದ್ದು. ರವಿಕೆ ಮಾತ್ರ ಅವಳ ಬೂದಿ ನೀಲಿಯದೇ. ಹಸಿರಿಗೆ ಅದು ಹೊಂದುವುದಿಲ್ಲ ಅಂತ ನನ್ನ ಅಭಿಪ್ರಾಯ, ಈಗ ಅದೇ ಫ್ಯಾಷನ್ನು ಅಂತ ಅವಳದು. ನೀನು ಬಂದು ನೋಡಿ ಹೇಳು. ಬಂದಾಗ ನಿನ್ನ ಮೂಗು ಮುಂಚಿಗಿಂತ ಎರಡು ಬೆರಳು ಎತ್ತರವಾಗಿಯೇ ಇರುತ್ತದೆ, ನೋಡುತ್ತಿರು. ಸಂಬಂಧ ತಂದವರಿಗೆ ಕೊಡುವ ಸೀರೆಯನ್ನು ನಾನು ಆಗಲೇ ಫಾಲ್ ಹೊಲಿದು ಇಟ್ಟಿದ್ದೇನೆ. ಅದಕ್ಕೆ ಅಚ್ಚು ಹಾಕಿದ ಅಂಚಲ್ಲ, ನೇಯ್ದ ಅಂಚು.

ರಾತ್ರಿ ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದೆನಂತೆ. ಚಳ್ಳಕೆರೆ ಬಂದರೂ ಏಳಲಿಲ್ಲವಂತೆ, ದಾಸಣ್ಣ ಅಲ್ಲಾಡಿಸಿ ಎಬ್ಬಿಸಿದರು. ಎಷ್ಟು ದಿನದ ಮೇಲೆ ಅಂಥ ನಿದ್ದೆ ಬಂತು ಅಂತ ನಿನಗೆ ಹೇಳಿದರೆ ತಿಳಿಯುತ್ತದೆ, ಬೇರೆಯವರಿಗೆ ತಿಳಿಯುವುದಿಲ್ಲ. ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೇ ಬಾ. ನೀನಿಲ್ಲದೆ ಎಲೆ ಅಡಿಕೆ ಬದಲಾಯಿಸುವುದಿಲ್ಲ ಅಂತ ಎರಡೂ ಮನೆಯವರು ಹೇಳಿದ್ದೇವೆ.

ಹೊಲಿಗೆ ಕ್ಲಾಸಿನಲ್ಲಿ ನಿನ್ನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದ,
ನಿನ್ನ
ವನಜಾಕ್ಷಿ

ತಾ.ಕ.: ಕಂಬಳಿಯ ಮೇಲೆ ಯಾರೂ ಕೇಳದ ಪ್ರಶ್ನೆ ಒಂದು ಉಳಿಯಿತು. ಅವರು ಕೇಳದಿದ್ದರೂ ನಿನಗೆ ಹೇಳಲೇಬೇಕು. ಹರ್ಷಿತಾ ವಿಡಿಯೋದಲ್ಲಿ ಆಡುವ ಮಾತು ಅವಳದಲ್ಲ, ನನ್ನದು. ಗಿರಾಕಿಗಳು ಇರುವಾಗ ನನ್ನ ಬಾಯಲ್ಲಿ ಗುಂಡುಪಿನ್ನು ಇರುತ್ತದೆ, ಎಲ್ಲದಕ್ಕೂ ಹೂಂ ಅನ್ನುತ್ತೇನೆ. ಅವರು ಹೋದ ಮೇಲೆ ಪಿನ್ನು ತೆಗೆದಿಟ್ಟು ನಾನು ಗೊಣಗುವುದನ್ನೆಲ್ಲ ಅವಳು ಕೇಳಿಸಿಕೊಂಡು ಫೋನಿನ ಮುಂದೆ ಆಡುತ್ತಾಳೆ. ಕುರಿ ಮೈಮೇಲಿನ ಉಣ್ಣೆಯ ಮಾತೂ ನನ್ನದೇ. ನೀನು ಅವಳನ್ನು ಅಷ್ಟು ಬೈದಾಗಲೂ ಅವಳು ಅದನ್ನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ನಿನ್ನೆ ಬಸ್ಸಿನಲ್ಲಿ ನಿದ್ದೆ ಹತ್ತುವ ಮುಂಚೆ ಕೇಳಿದೆ. 'ನಂಗಾದ್ರೆ ಇನ್ನೊಬ್ಬ ಗಂಡು ಸಿಗ್ತಾನವ್ವ, ನಿಂಗೆ ಇನ್ನೊಬ್ಬ ಮುದ್ದಕ್ಕನ್ನ ಎಲ್ಲಿಂದ ತರಾಣ' ಅಂದಳು.